ಒಂಟಿ ಸೀನು

ಬಸ್ಸು ಸೀನಲಿಲ್ಲ. ಊದುಬತ್ತಿ ಬೆಳಗಿದ್ದಾಯಿತು, ಮುಂದಿನ ಗಾಲಿಯ ಕೆಳಗಿಟ್ಟ ನಿಂಬೆಹಣ್ಣು ಚಪ್ಪಟೆಯಾಯಿತು, ಡ್ರೈವರ್ ಭೀಮರಾಜ ಗೇರು ಹಾಕಿ ಬಸ್ಸನ್ನು ಶೆಡ್ಡಿನ ಗೇಟಿನಿಂದ ಕೊಟ್ಟೂರಿನ ರಸ್ತೆಗೆ ಇಳಿಸಿದ್ದೂ ಆಯಿತು. ಅದರ ಹೊಟ್ಟೆಯ ಕೆಳಗಿಂದ ಮೊದಲಿನ ಹಾಗೆ ‘ಫುಸ್’ ಎಂಬ ಸದ್ದು ಬರಲೇ ಇಲ್ಲ. ಉಸಿರು ಬಿಗಿಹಿಡಿದು ಕೂತಿದ್ದ ಹೆಂಗಸರು ಸೆರಗು ಸಡಿಲ ಮಾಡಿಕೊಂಡು ಹರಟೆಗೆ ಇಳಿದರು. ಒಬ್ಬ ಮುದುಕಪ್ಪ ಬಸವೇಶನ ಹೆಗಲು ತಟ್ಟಿ, ಚಲೋ ರಿಪೇರಿ ಮಾಡಿಸಿದಿ ನೋಡಪ್ಪ, ಶುಭಕಾರ್ಯಕ್ಕೆ ಹೊರಟ ಗಾಡಿ ಹಿಂಗಿರಬೇಕು ಎಂದ. ಬಸವೇಶ ಹಲ್ಲು ಬಿಟ್ಟ. ಇಡೀ ಬಸ್ಸಿನಲ್ಲಿ ನೆಮ್ಮದಿ ಕಳೆದುಕೊಂಡು ಕೂತವನು ಅವನೊಬ್ಬನೇ. ಬಸ್ಸು ಯಾಕೆ ಸೀನುತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನೊಬ್ಬನಿಗೆ ಮಾತ್ರ ಗೊತ್ತಿತ್ತು.

ಹಾಗೆ ನೋಡಿದರೆ ಅವನು ಈ ಬಸ್ಸಿನಲ್ಲಿ ಬರಬೇಕಾದವನೇ ಅಲ್ಲ. ಭಾವ ಬೆನಕಪ್ಪನವರ ಬಿಳಿ ಕಾರಿನ ಮುಂದಿನ ಸೀಟು ತನ್ನದೇ ಎಂದು ವಾರದಿಂದ ನಂಬಿಕೊಂಡಿದ್ದ. ಹಂಪಸಾಗರದಲ್ಲಿ ನಡೆಯುವ ಸೋದರಸೊಸೆಯ ನಿಶ್ಚಿತಾರ್ಥಕ್ಕೆ ಸೋದರಮಾವ ಕಾರಿನಲ್ಲಿ ಬರದೆ ಇನ್ನಾರು ಬರಬೇಕು? ಅದಕ್ಕೆಂದೇ ಬಿಳಿ ಅಂಗಿಗೆ ಗಂಜಿ ಹಾಕಿಸಿ ಇಸ್ತ್ರಿ ಮಾಡಿಸಿದ್ದ. ಬೆಳಿಗ್ಗೆ ಹೋಗಿ ಕಾರಿನ ಬಾಗಿಲು ತೆಗೆದರೆ ಆ ಸೀಟಿನಲ್ಲಿ ಮೋಸಂಬಿಯ ತಟ್ಟೆ ಕೂತಿತ್ತು, ಬೆಲ್ಟು ಹಾಕಿಕೊಂಡು. ಹಿಂದಿನ ಸೀಟಿನಲ್ಲಿ ಅಕ್ಕ ಗುರುಬಸಮ್ಮ, ಮದುಮಗಳಾಗಲಿರುವ ಶಾಂಭವಿ, ಅವರಿಬ್ಬರ ನಡುವೆ ಸೀರೆಯ ಪೆಟ್ಟಿಗೆ. ನೀನು ಬಸ್ಸಿನಲ್ಲಿ ಮಂದಿಯನ್ನು ನೋಡಿಕೊಂಡು ಬಾ ಎಂದು ಭಾವ ಸ್ಟೇರಿಂಗ್ ಹಿಡಿದುಕೊಂಡೇ ಹೇಳಿದರು, ಮುಖ ತಿರುಗಿಸಲಿಲ್ಲ. ಹಣ್ಣುಗಳು ತನ್ನನ್ನೇ ನೋಡುತ್ತಿವೆ ಅನ್ನಿಸಿ ಬಸವೇಶ ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಮನುಷ್ಯನಿಗೆ ಮನುಷ್ಯ ಎದುರಾದರೆ ಜಗಳವಾಡಬಹುದು, ಮೋಸಂಬಿಯ ಜೊತೆ ಏನು ಜಗಳವಾಡುವುದು? ಈಗ ಬಸ್ಸಿನ ಮೊದಲ ಸಾಲಿನಲ್ಲಿ ಹೆಂಡತಿ ಭಾಗ್ಯ ಮಲ್ಲಿಗೆ ದಂಡೆ ಮುಡಿದು ಕಿಟಕಿಗೆ ತಲೆಯಾನಿಸಿ ತೂಗುತ್ತಿದ್ದಳು. ಅವಳ ಪಕ್ಕದಲ್ಲಿ ಕೂತ ಅವನ ಪಾದದ ಕೆಳಗೆ, ತಗಡಿನ ನೆಲದ ಆಚೆ ಎಲ್ಲೋ, ಆ ರಬ್ಬರಿನ ತುಂಡು ಇತ್ತು.

ಕೊಟ್ಟೂರಿನ ಶೆಡ್ಡಿನಿಂದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಗೆಲ್ಲ ಓಡುವ ಬೆನಕಪ್ಪ ಸಾವ್ಕಾರರ ಬಸ್ಸುಗಳಿಗೆ ಬಸವೇಶ ಮೇಂಟೆನೆನ್ಸ್ ಮ್ಯಾನೇಜರು. ಹುದ್ದೆಗೆ ಬೇಕಾದ ಅರ್ಹತೆ ಅವನ ಅಕ್ಕನ ಹತ್ತಿರವಿತ್ತು. ಆದರೂ ಒಂದು ಮಾತು ಹೇಳಲೇಬೇಕು: ಹುಬ್ಬಳ್ಳಿಯಲ್ಲಿ ಬಿಡಿಭಾಗಗಳ ಕಂಪನಿಯೊಂದು ತರಬೇತಿ ಇಟ್ಟಾಗ ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ ಕೂತು, ಮಧ್ಯಾಹ್ನದ ಊಟದ ನಂತರವೂ ನಿದ್ದೆ ಮಾಡದೆ ಕೇಳಿಸಿಕೊಂಡವನು ಅವನು. ವಾಪಸು ಬಂದವನೇ ಶೆಡ್ಡಿನ ಗೋಡೆಗೆ ‘ಕೆಡುವ ಮೊದಲೇ ನೋಡಿಕೊಳ್ಳಿ’ ಎಂದು ಬಣ್ಣದಲ್ಲಿ ಬರೆಸಿದ. ಡ್ರೈವರುಗಳನ್ನೆಲ್ಲ ಟೈರುಗಳ ಮೇಲೆ ಕೂಡಿಸಿ ಭಾಷಣ ಬಿಗಿದ. ಬ್ರೇಕು ಹಿಡಿಯುವುದು ಗಾಳಿಯಿಂದ, ಆ ಗಾಳಿಯಲ್ಲಿ ನೀರಿರುತ್ತದೆ, ಕಂಪ್ರೆಸರಿನ ಎಣ್ಣೆಯೂ ಸೇರಿಕೊಳ್ಳುತ್ತದೆ. ಈ ಏರ್ ಡ್ರೈಯರ್ ಅನ್ನುವ ಡಬ್ಬಿಯೊಳಗೆ ಸಾಬೂದಾಣಿಯಂಥ ಕಾಳುಗಳಿರುತ್ತವೆ, ಅವು ನೀರನ್ನು ಹೀರಿಕೊಂಡು ಒಣಗಾಳಿಯನ್ನು ಟ್ಯಾಂಕಿಗೆ ಕಳಿಸುತ್ತವೆ. ಟ್ಯಾಂಕು ತುಂಬಿದಾಗ ಡಬ್ಬಿ ತಾನು ಹೀರಿದ್ದನ್ನು ಕೆಳಗಿನ ಬಾಯಿಂದ ಫುಸ್ ಎಂದು ಉಗುಳುತ್ತದೆ. ಉಗುಳಬೇಕು, ಉಗುಳದಿದ್ದರೆ ನೀರು ಒಳಗೇ ಉಳಿದು ಬ್ರೇಕಿನ ವಾಲ್ವುಗಳು ಅಂಟಿಕೊಳ್ಳುತ್ತವೆ. ಕೈ ಎತ್ತಿ ಅವನು ‘ಗಾಳಿಯಲ್ಲಿ ನೀರು’ ಎಂದಾಗ ಹಿಂದಿನಿಂದ ಯಾರೋ ನಕ್ಕಿದ್ದರು. ಗುಡೇಕೋಟೆಯ ಡ್ರೈವರೊಬ್ಬ ಎದ್ದು ನಿಂತು, ಬಹಳ ವಿನಯದಿಂದ, ‘ಸಾಹೇಬ್ರ, ನಮ್ಮ ಕಡಿ ಬೋರಿನ್ಯಾಗ ನೀರಿಲ್ಲ, ಗಾಳ್ಯಾಗ ಎಲ್ಲಿಂದ ಬರ್ತೈತ್ರಿ?’ ಎಂದು ಕೇಳಿದ್ದ. ಶೆಡ್ಡಿಗೆ ಶೆಡ್ಡೇ ನಕ್ಕಿತ್ತು. ಬಸವೇಶ ಅಂದು ಅನ್ನ ಬಿಟ್ಟು ಮಲಗಿದ್ದ. ಒಂದು ದಿನ ಇವರಿಗೆಲ್ಲ ಗೊತ್ತಾಗುತ್ತದೆ ಎಂದು ಭಾಗ್ಯನಿಗೆ ಹೇಳಿದ್ದ. ಗೊತ್ತಾಗುವ ದಿನ ಹೀಗೆ ತಾನೇ ಬಸ್ಸಿನಲ್ಲಿ ಕೂತಿರುತ್ತೇನೆ ಎಂದು ಆಗ ಹೊಳೆದಿರಲಿಲ್ಲ.

ಎಲ್ಲ ಕೆಟ್ಟಿದ್ದು ಹಡಗಲಿಯ ಒಂದು ಮದುವೆ ದಿಬ್ಬಣದಲ್ಲಿ. ಲಗ್ನಗಳಿಗೆ ಬಾಡಿಗೆ ಬಿಡುವ ಬಸ್ಸು ಇದೊಂದೇ. ಸೀಟಿಗೆ ಕೆಂಪು ಬಟ್ಟೆ, ಕಿಟಕಿಗೆ ಕುಚ್ಚಿನ ಪರದೆ. ಮದುಮಗನನ್ನು ಹತ್ತಿಸಿಕೊಂಡು ಬಸ್ಸು ಇನ್ನೇನು ಹೊರಡಬೇಕು, ಫುಸ್ ಎಂದಿತು. ಒಂದೇ ಸಲ. ಒಳಗಿದ್ದ ಮುದುಕಿಯೊಬ್ಬಳು, ಒಂಟಿ ಸೀನು, ಇಳೀರಿ ಎಂದಳು. ಎಲ್ಲರೂ ಇಳಿದರು. ನೀರು ಕುಡಿದರು, ಕಟ್ಟೆಯ ಮೇಲೆ ಕೂತರು, ಎದ್ದರು, ಮತ್ತೆ ಹತ್ತಿದರು. ಅಷ್ಟರಲ್ಲಿ ಟ್ಯಾಂಕು ಮತ್ತೆ ತುಂಬಿತ್ತು. ಬಸ್ಸು ಮತ್ತೆ ಸೀನಿತು, ಮತ್ತೆ ಒಂದೇ ಸಲ. ಗಾಡಿಯ ಜೊತೆ ಹೋಗಿದ್ದ ಬಸವೇಶ ಮುಂದೆ ಬಂದು, ಅಮ್ಮಾ, ಇದು ಸೀನಲ್ಲ, ಏರ್ ಡ್ರೈಯರ್ ಎಂದು ಶುರುಮಾಡಿದ. ಹುಬ್ಬಳ್ಳಿಯಲ್ಲಿ ಕಲಿತದ್ದನ್ನೆಲ್ಲ ಹೇಳಿದ. ಮುದುಕಿ ಪೂರ್ತಿ ಕೇಳಿಸಿಕೊಂಡಳು. ‘ಏನರ ಅನ್ನಪ್ಪ, ಸೀನಿದ್ದು ಒಂದಾ ಸಲ,’ ಎಂದಳು. ಜೋಡಿ ಸೀನಿದ್ದರೆ ಯಾರ ತಕರಾರೂ ಇರಲಿಲ್ಲ. ಮುಹೂರ್ತ ತಪ್ಪಿತು. ‘ಸೀನೋ ಬಸ್ಸು’ ಎಂಬ ಹೆಸರು ಹಡಗಲಿಯಿಂದ ಹರಪನಹಳ್ಳಿವರೆಗೆ ಬಸ್ಸಿಗಿಂತ ಮೊದಲೇ ಹೋಗಿ ಮುಟ್ಟಿತು.

ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತಾಗ, ಅಕ್ಕ ರೊಟ್ಟಿ ಬಡಿಸುತ್ತಿರುವಾಗ, ತಟ್ಟೆಯಿಂದ ಕಣ್ಣೆತ್ತದೆ, ಅದನ್ನು ನಿಲ್ಲಿಸು ಎಂದರು. ಹೇಗೆ ಎಂದು ಕೇಳಲಿಲ್ಲ, ಹೇಳಲೂ ಇಲ್ಲ. ನಿಲ್ಲಿಸಬಾರದು ಎಂಬ ಮಾತು ಬಸವೇಶನ ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಮಾಡ್ತಾನ ಬಿಡ್ರಿ, ಹುಬ್ಬಳ್ಳಿಗೆ ಹೋಗಿ ಕಲ್ತು ಬಂದಾನ ಎಂದಳು. ರೊಟ್ಟಿಯ ಜೊತೆ ಮಾತೂ ಒಳಗೆ ಹೋಯಿತು. ಆ ಭಾನುವಾರದ ಮಧ್ಯಾಹ್ನ ಶೆಡ್ಡಿನಲ್ಲಿ ನಾಯಿಯೊಂದನ್ನು ಬಿಟ್ಟರೆ ಯಾರೂ ಇರಲಿಲ್ಲ. ಹರಿದ ಹವಾಯಿ ಚಪ್ಪಲಿಯ ಅಟ್ಟೆಯಿಂದ ಒಂದು ಬಿರಡೆ ಕೆತ್ತಿ, ಗಾಳಿ ಮಾತ್ರ ನುಸುಳಿ ಹೋಗಲಿ ಎಂದು ನಡುವೆ ದಬ್ಬಳದಿಂದ ತೂತು ಹೊಡೆದು, ಡ್ರೈಯರಿನ ಬಾಯಿಗೆ ತುರುಕಿ ತಂತಿ ಸುತ್ತಿದ. ಮ್ಯಾನೇಜರನಾದ ಮೇಲೆ ಸ್ವಂತ ಕೈಯಿಂದ ಅವನು ಮಾಡಿದ ಮೊದಲ ಕೆಲಸ ಅದು. ಎಷ್ಟು ಅಚ್ಚುಕಟ್ಟಾಗಿ ಕೂತಿತೆಂದರೆ ಒಂದು ಗಳಿಗೆ ಅವನಿಗೆ ಖುಷಿಯೂ ಆಯಿತು. ಸೀನು ಹೋಗಿ ಉಸ್ ಎಂಬ ಸಣ್ಣ ಸದ್ದು ಉಳಿಯಿತು. ಡ್ರೈಯರಿಗೆ ಹೊಸ ಕಾರ್ಟ್ರಿಡ್ಜ್, ಅಂದರೆ ಕಾಳು ತುಂಬಿದ ಹೊಸ ಡಬ್ಬಿ, ಹಾಕಿಸಿದ್ದೇನೆ ಎಂದು ಎಲ್ಲರಿಗೂ ಹೇಳಿದ.

ಸುಳ್ಳಿಗೆ ಕಾವಲು ಬೇಕಲ್ಲ. ಭೀಮರಾಜನಿಗೆ ದಿನಾ ಬೆಳಿಗ್ಗೆ ಟ್ಯಾಂಕಿನ ಕೆಳಗಿನ ರಿಂಗು ಎಳೆದು ನೀರು ಬಿಡುವ ರೂಢಿ ಇತ್ತು. ಈಗ ಎಳೆದರೆ ಕರಿ ನೀರು ಬಂದು ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಬಸವೇಶ, ಹೊಸ ಕಾರ್ಟ್ರಿಡ್ಜ್ ಇರುವಾಗ ರಿಂಗು ಮುಟ್ಟಬಾರದು, ಕಂಪನಿಯವರೇ ಬೇಡವೆಂದಿದ್ದಾರೆ ಎಂದು ಕಟ್ಟಪ್ಪಣೆ ಮಾಡಿದ. ‘ಕೆಡುವ ಮೊದಲೇ ನೋಡಿಕೊಳ್ಳಿ’ ಎಂಬ ಬರಹದ ಅಡಿಯಲ್ಲೇ ನಿಂತು ಈ ಮಾತು ಹೇಳಿದ. ಭೀಮರಾಜ, ಆಗಲಿ ಎಂದ. ಹೇಳಿದ ಕೆಲಸ ಮಾಡುವ, ಬೇಡವೆಂದ ಕೆಲಸ ಬಿಡುವ ಆಸಾಮಿ ಅವನು; ಕೆಲಸ ಹೋದರೆ ಇನ್ನೊಂದು ಹುಡುಕುವ ವಯಸ್ಸು ದಾಟಿತ್ತು. ಮಳೆಗಾಲ ಕಳೆಯಿತು. ಈಚೆಗೆ ಒಂದೆರಡು ಬಾರಿ ಅವನು, ಪೆಡಲು ತುಳಿದ ಮೇಲೆ ಬ್ರೇಕು ಒಂದು ಗಳಿಗೆ ತಡಮಾಡಿ ಹಿಡಿಯುತ್ತದೆ ಎಂದು ಹೇಳಿ ಹೋಗಿದ್ದ. ಮುಂದಿನ ಗಾಡಿಗೂ ನಿನಗೂ ಅಂತರ ಜಾಸ್ತಿ ಇಟ್ಟುಕೋ ಎಂದು ಬಸವೇಶ ಸಲಹೆ ಕೊಟ್ಟಿದ್ದ. ಅಂತರ ಇಟ್ಟುಕೊಳ್ಳುವುದು ಸಲಹೆ ಕೊಟ್ಟವನಿಗೇನೂ ಕಷ್ಟದ ವಿದ್ಯೆಯಾಗಿರಲಿಲ್ಲ. ಬಿರಡೆ ಹಾಕಿದ ದಿನದಿಂದ ಆ ಬಸ್ಸಿನಲ್ಲಿ ಅವನು ಕಾಲಿಟ್ಟಿರಲಿಲ್ಲ, ಇವತ್ತು ಮೋಸಂಬಿ ಅವನನ್ನು ಇಲ್ಲಿಗೆ ತಳ್ಳುವ ತನಕ.

ಹಗರಿಬೊಮ್ಮನಹಳ್ಳಿ ಇನ್ನೂ ಸ್ವಲ್ಪ ದೂರವಿರುವಾಗ ರೈಲ್ವೆ ಗೇಟು ಬಿದ್ದಿತ್ತು. ಮುಂದೆ ಮೆಕ್ಕೆಜೋಳದ ಚೀಲ ಹೇರಿಕೊಂಡ ಟ್ರ್ಯಾಕ್ಟರು ನಿಂತಿತ್ತು. ಭೀಮರಾಜ ಪೆಡಲು ತುಳಿದದ್ದನ್ನು ಬಸವೇಶ ಕಣ್ಣಾರೆ ಕಂಡ. ಕಾಲು ಕೆಳಗೆ ಹೋಯಿತು. ಬಸ್ಸು ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಆ ಗಳಿಗೆಯಲ್ಲಿ ಟ್ರ್ಯಾಕ್ಟರಿನ ಹಿಂಬದಿಗೆ ಬಳಿದಿದ್ದ ಹಳದಿ ಬಣ್ಣ, ಚೀಲದಿಂದ ಉದುರುತ್ತಿದ್ದ ಕಾಳು, ಮೂಟೆಯ ಮೇಲೆ ಕೂತು ಬಾಯಾಡಿಸುತ್ತಿದ್ದ ಹೆಂಗಸಿನ ಮೂಗುಬೊಟ್ಟು ಎಲ್ಲ ಅವನಿಗೆ ಬೇಡವೆಂದರೂ ಸ್ಪಷ್ಟವಾಗಿ ಕಂಡವು. ಆಮೇಲೆ ಬ್ರೇಕು ಕಚ್ಚಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು, ಹೂವಿನ ಬುಟ್ಟಿ ಉರುಳಿತು, ಯಾರೋ ಭೀಮರಾಜನಿಗೆ, ಏನಪ್ಪ ಹೊಸ ಹೆಂಡತಿಯ ನೆನಪೇ ಎಂದು ಚೇಷ್ಟೆ ಮಾಡಿದರು. ಭೀಮರಾಜ ನಗಲಿಲ್ಲ. ಒಳಗಿನ ಕನ್ನಡಿಯಲ್ಲಿ ಬಸವೇಶನನ್ನು ನೋಡಿದ. ಬಸವೇಶ ತಕ್ಷಣ ಗಡಿಯಾರ ನೋಡಿಕೊಂಡ. ಭಾಗ್ಯ ಎಚ್ಚರಾಗಿ, ಹಂಪಸಾಗರ ಬಂತೇನು ಎಂದು ಕೇಳಿ ಮತ್ತೆ ಕಣ್ಣು ಮುಚ್ಚಿದಳು. ಮಲಗಿದ ಅವಳ ಮುಖ ಮದುವೆಯ ಹೊಸದರಲ್ಲಿ ಇದ್ದಂತೆಯೇ ಇತ್ತು. ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು, ಅದರ ಜೊತೆಗೇ, ಇವಳಿಗೆ ಏನಾದರೂ ಆದರೆ ಜನ ನನ್ನನ್ನು ಏನಂದಾರು ಎಂಬ ಯೋಚನೆಯೂ ಬಂತು. ಎರಡರಲ್ಲಿ ಯಾವುದು ಮೊದಲು ಬಂತೆಂದು ಅವನು ತನ್ನನ್ನೇ ಕೇಳಿಕೊಳ್ಳಲು ಹೋಗಲಿಲ್ಲ.

ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಹೊಳೆಯ ಕಡೆಗೆ ಇಳಿಜಾರು ಶುರುವಾಗುತ್ತದೆ. ಅದು ಶುರುವಾಗುವ ಮೊದಲೇ ಅವನು ಎದ್ದು ಭೀಮರಾಜನ ಕಿವಿಯಲ್ಲಿ, ಗಾಡಿ ನಿಲ್ಲಿಸು, ಹೊರಕಡೆ ಹೋಗಬೇಕು ಎಂದ. ಪಿಸುಮಾತನ್ನು ಹಿಂದಿನ ಸೀಟುಗಳು ಮೊದಲು ಕೇಳಿಸಿಕೊಂಡವು. ಬಸ್ಸಿನ ಉದ್ದಕ್ಕೂ ನಗು ಹರಿಯಿತು. ಮುಂಜಾನೆಯ ಉಪ್ಪಿಟ್ಟಿನ ಬಗ್ಗೆ ಒಬ್ಬರು, ಮಾವನಾದವನ ಸಂಭ್ರಮದ ಬಗ್ಗೆ ಇನ್ನೊಬ್ಬರು ಮಾತು ಕಟ್ಟಿದರು. ಭಾಗ್ಯ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೀರಿನ ಬಾಟಲಿ ಹಿಡಿದು ಇಳಿಯುವಾಗ ಅವನಿಗೆ ಒಂದು ಬಗೆಯ ಹೆಮ್ಮೆ ಎನ್ನಿಸಿತು. ಇವರ ಪ್ರಾಣ ಉಳಿಸಲು ನಾನು ನಗೆಪಾಟಲಾಗುತ್ತಿದ್ದೇನೆ ಎಂದುಕೊಂಡ. ಯಾರಿಂದ ಉಳಿಸಲು ಎಂಬುದನ್ನು ಆ ಹೆಮ್ಮೆ ಬಿಟ್ಟುಬಿಟ್ಟಿತ್ತು. ಮರ್ಯಾದಸ್ಥ ಮಂದಿ. ಅವನು ಇಳಿದ ಬದಿಗೆ ಒಬ್ಬರೂ ನೋಡಲಿಲ್ಲ, ಕಿಟಕಿಯ ಪರದೆಗಳನ್ನು ತಾವೇ ಎಳೆದುಕೊಂಡರು. ಅವರ ಸಭ್ಯತೆಯ ಮರೆಯಲ್ಲಿ ಅವನು ಜಾಲಿಯ ಕಡೆ ನಾಲ್ಕು ಹೆಜ್ಜೆ ಹೋದಂತೆ ಮಾಡಿ, ತಿರುಗಿ, ಬಗ್ಗಿ, ಬಸ್ಸಿನ ಕೆಳಗೆ ತೂರಿದ.

ಇಂಜಿನ್ನು ಚಾಲೂ ಇತ್ತು. ಬೆನ್ನಿಗೆ ಕಲ್ಲು ಒತ್ತುತ್ತಿತ್ತು. ಕೈಗೆ ಸಿಕ್ಕಿದ ಡ್ರೈಯರು ಸುಡುತ್ತಿತ್ತು, ಆದರೂ ತಂತಿಯನ್ನು ಉಗುರಿನಿಂದ ಬಿಚ್ಚಿದ. ಬಿರಡೆ ಜಾಗ ಬಿಟ್ಟು ಜಗ್ಗಿದ್ದೇ ತಡ, ಒಳಗೆ ತಿಂಗಳುಗಟ್ಟಲೆ ಕೂತಿದ್ದದ್ದೆಲ್ಲ ಒಮ್ಮೆಲೇ ಅವನ ಎದೆಯ ಮೇಲೆ ಬಿತ್ತು. ಎಣ್ಣೆ ಬೆರೆತ ಕರಿ ನೀರು, ನಾತ. ಕೊಟ್ಟೂರಿನ ಗಾಳಿಯಲ್ಲಿ ಇಷ್ಟೊಂದು ನೀರು. ಗುಡೇಕೋಟೆಯವನನ್ನು ಕರೆದು ತೋರಿಸಬೇಕು ಎಂದು ಆ ಸ್ಥಿತಿಯಲ್ಲೂ ಅನ್ನಿಸಿತು. ಇನ್ನು ಟ್ಯಾಂಕಿನ ರಿಂಗು ಎಳೆಯಬೇಕು, ಅದೇ ಮುಖ್ಯ, ಹೊಟ್ಟೆಯೊಳಗಿನ ನೀರು ಖಾಲಿಯಾಗಬೇಕು. ತೆವಳಿ ಹೋಗಿ ಎಳೆದ. ಮುಟ್ಟಬೇಡ ಎಂದು ತಾನೇ ಹೇಳಿದ್ದ ರಿಂಗು ತುಕ್ಕು ಹಿಡಿದು ಕೂತಿತ್ತು. ಇನ್ನೊಮ್ಮೆ ಎಳೆಯುವಷ್ಟರಲ್ಲಿ ಭೀಮರಾಜ ಹಾರ್ನು ಹೊಡೆದ, ಮುಹೂರ್ತದ ಹೊತ್ತಾಯಿತೆಂದು ಯಾರೋ ಕೂಗಿದರು. ಅರ್ಧ ಕೆಲಸವಾದರೂ ಆಯಿತಲ್ಲ ಎಂದು ಅವನು ಹೊರಗೆ ಬಂದ. ಕೈಯಲ್ಲಿದ್ದ ಬಿರಡೆಯನ್ನು ಜಾಲಿಯೊಳಗೆ ಎಸೆಯಲು ತೋಳೆತ್ತಿದ. ಏನನ್ನಿಸಿತೋ, ಒರೆಸಿ ಕಿಸೆಗೆ ಹಾಕಿಕೊಂಡ. ಬಸ್ಸು ಹತ್ತಿದಾಗ ಅವನ ಬಿಳಿ ಅಂಗಿಯನ್ನು ನೋಡಿ ಮಾತು ನಿಂತಿತು. ನಗು ಕೂಡ ನಿಂತಿತು. ಇಷ್ಟರಮಟ್ಟಿಗೆ ಆಗಿದೆ ಎಂದು ಯಾರೂ ಊಹಿಸಿರಲಿಲ್ಲ. ಭಾಗ್ಯ ಏನೂ ಕೇಳದೆ ಟವೆಲು ಕೊಟ್ಟು ಕಿಟಕಿಯ ಕಡೆಗೆ ಸರಿದು ಕೂತಳು.

ಹಂಪಸಾಗರದಲ್ಲಿ ಗಂಡಿನ ಅಜ್ಜಿ ಚಪ್ಪರದ ಬಾಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಮಂಡಿನೋವಿಗೆ ಪ್ರಯಾಣ ಆಗದು, ಕಾರ್ಯ ನಮ್ಮ ಅಂಗಳದಲ್ಲೇ ಆಗಲಿ ಎಂದು ಇಷ್ಟು ಮಂದಿಯನ್ನು ಕರೆಸಿಕೊಂಡವಳು ಅವಳೇ. ಕಾರಿನಿಂದ ಇಳಿದ ಶಾಂಭವಿಯನ್ನು ಮುಂದೆ ನಿಲ್ಲಿಸಿದ್ದರು, ಆರತಿಯ ತಟ್ಟೆ ಮೇಲೆ ಏರಿತ್ತು. ಸರಿಯಾಗಿ ಅದೇ ಹೊತ್ತಿಗೆ ಬಸ್ಸು ಬಂದು ಚಪ್ಪರದ ಪಕ್ಕ ನಿಂತು, ಬಹಳ ದಿನಗಳ ಮೇಲೆ ಮೂಗು ಬಿಟ್ಟವರಂತೆ, ಊರಿಗೆಲ್ಲ ಕೇಳುವ ಹಾಗೆ ಸೀನಿತು. ತಟ್ಟೆ ಅರ್ಧದಲ್ಲೇ ನಿಂತಿತು. ಇನ್ನೊಂದು ಬರಲಿ ಎಂದು ಎಲ್ಲರೂ ಕಾದರು. ಬಸವೇಶನೂ ಕಾದ, ಬರುವುದಿಲ್ಲವೆಂದು ಗೊತ್ತಿದ್ದೂ, ಟ್ಯಾಂಕು ಮತ್ತೆ ಇಳಿದು ತುಂಬಬೇಕೆಂದು ಗೊತ್ತಿದ್ದೂ ಕಾದ. ಬರಲಿಲ್ಲ. ಅಜ್ಜಿ ಆರತಿಯನ್ನು ಕೆಳಗಿಡಿಸಿದಳು. ಎಲ್ಲರೂ ಕೂತರು, ತಂಬಿಗೆಯ ನೀರು ಕೈಯಿಂದ ಕೈಗೆ ಹೋಯಿತು. ಶಾಂಭವಿ ಬಿಸಿಲಲ್ಲಿ ನಿಂತೇ ಇದ್ದಳು, ಅವಳಿಗೆ ಕೂರಲು ಯಾರೂ ಹೇಳಲಿಲ್ಲ. ಮಗುವಿದ್ದಾಗ ಅವಳು ಇವನ ಹೆಗಲ ಮೇಲೆ ಕೂತು ಕೂದಲು ಜಗ್ಗುತ್ತಿದ್ದದ್ದು ಬಸವೇಶನಿಗೆ ನೆನಪಾಯಿತು.

ಕಾರ್ಯವೇನೋ ನಡೆಯಿತು. ಉಡಿ ತುಂಬಿದರು, ಉಂಗುರ ಹಾಕಿದರು. ಆದರೆ ಅಜ್ಜಿ ನಗಲಿಲ್ಲ. ಜನ ಊಟಕ್ಕೆ ಎದ್ದಾಗ ಭಾವ ಬಸವೇಶನನ್ನು ಬಸ್ಸಿನ ಮರೆಗೆ ಕರೆದರು. ಕಲೆಯಾದ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರೂ ಅದರ ಬಗ್ಗೆ ಮಾತೆತ್ತಲಿಲ್ಲ.

‘ನೋಡ್ಲೇ, ಹೊಂಡೋ ಹೊತ್ತಿನ್ಯಾಗ ಇದು ಮತ್ತ ಸೀನಿದ್ರ ಆ ಮುದಿಕಿ ಸಂಬಂಧ ಬ್ಯಾಡ ಅಂತಾಳ. ನನ್ನ ಮಗಳ ಬಾಳೇವು ನಿನ್ನ ಕೈಯಾಗ ಐತಿ.’

ಬಸವೇಶ ಹೇಳಬೇಕಾದದ್ದು ಒಂದೇ ಒಂದು ಮಾತು. ಅದಕ್ಕೆ ಹುಬ್ಬಳ್ಳಿಯ ತರಬೇತಿಯೂ ಬೇಡ. ಬಾಯಿ ತೆರೆದ. ‘ಬಂದ್ ಮಾಡ್ತೀನ್ರಿ ಭಾವ,’ ಎಂಬ ಮಾತು ಹೊರಗೆ ಬಂತು. ಕೈ ಅದಕ್ಕೂ ಮೊದಲೇ ಕಿಸೆಯೊಳಗೆ ಹೋಗಿತ್ತು.

ಎರಡನೆಯ ಸಲ ಕೆಲಸ ಸಲೀಸು. ಬಸ್ಸಿನ ಅಡಿ ತಂಪಾಗಿತ್ತು, ಎಣ್ಣೆಯ ನಾತ ಆಗಲೇ ಪರಿಚಯವಾಗಿತ್ತು. ಅಲ್ಲಿ ಅಂಗಾತ ಮಲಗಿ ನೋಡಿದರೆ ಊಟ ಮುಗಿಸಿ ಬರುವವರ ಕಾಲುಗಳಷ್ಟೇ ಕಾಣುತ್ತಿದ್ದವು: ಕೆರ, ಚಪ್ಪಲಿ, ಹಿಮ್ಮಡಿಯ ಬಿರುಕು. ಕಾಲುಂಗುರದ ಎರಡು ಪಾದಗಳು ಬಾಗಿಲ ಹತ್ತಿರ ಬಂದು ನಿಂತು, ಯಾರಿಗೋ ಕಾಯುವಂತೆ ಸ್ವಲ್ಪ ಹೊತ್ತು ಇದ್ದು, ಮೆಟ್ಟಿಲು ಹತ್ತಿ ಮರೆಯಾದವು. ಭಾಗ್ಯನವು. ನನಗೇ ಕಾದಳು ಎಂದುಕೊಂಡ. ಬೆಳಿಗ್ಗೆ ಅಷ್ಟು ನೀರು ಹೊರಗೆ ಹೋಗಿದೆ, ಇನ್ನೇನು ಉಳಿದಿರುತ್ತದೆ, ಒಂದು ದಾರಿಗೆ ಏನೂ ಆಗುವುದಿಲ್ಲ, ನಾಳೆ ಶೆಡ್ಡಿಗೆ ಹೋದಕೂಡಲೇ ನಿಜವಾಗಿ ಹೊಸ ಕಾರ್ಟ್ರಿಡ್ಜ್, ಹೊಸ ವಾಲ್ವು, ಎಲ್ಲಾ. ಹೀಗೆ ಹೇಳಿಕೊಳ್ಳುತ್ತ ತಂತಿಯನ್ನು ಮೊದಲಿಗಿಂತ ಒಂದು ಸುತ್ತು ಹೆಚ್ಚಿಗೇ ಸುತ್ತಿದ. ಟ್ಯಾಂಕಿನ ರಿಂಗಿನ ಕಡೆ ನೋಡಲಿಲ್ಲ.

ಹೊರಡುವಾಗ ಬಸ್ಸು ಸೀನಲಿಲ್ಲ. ಅಜ್ಜಿ ಕಿವಿಗೊಟ್ಟು ಕೇಳಿ, ತೃಪ್ತಿಯಿಂದ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. ಭಾವನ ಮುಖ ಅರಳಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ಬಸವೇಶನ ಭುಜದ ಮೇಲೆ ಕೈ ಇಟ್ಟು, ಬಾ, ಕಾರಿನಲ್ಲಿ ಕೂಡ್ರು ಎಂದರು. ಮೋಸಂಬಿ ಬೀಗರ ಮನೆ ಸೇರಿತ್ತು, ಸೀಟು ಖಾಲಿ ಇತ್ತು. ಭಾಗ್ಯನನ್ನು ಕೂಡ್ರಿಸಿಕೊಳ್ಳಿ, ನಾನು ಬಸ್ಸಿಗೆ ಬರುತ್ತೇನೆ ಎನ್ನಬೇಕೆಂದು ಅವನು ಖಂಡಿತ ಅಂದುಕೊಂಡ. ಅಂದುಕೊಳ್ಳುತ್ತಿರುವಾಗಲೇ ಬಾಗಿಲು ತೆಗೆದು ಒಳಗೆ ಕೂತಿದ್ದ. ಸೀಟು ಮೆತ್ತಗಿತ್ತು, ಹಣ್ಣಿನ ವಾಸನೆ ಇನ್ನೂ ಇತ್ತು. ಅಂಗಿಯ ಕಲೆ ಕಾಣದಿರಲೆಂದು ಬೆಲ್ಟನ್ನು ಅದರ ಮೇಲೆ ಎಳೆದುಕೊಂಡ. ಹಿಂದಿನಿಂದ ಅಕ್ಕ, ನಮ್ಮ ಬಸವೇಶ ಇರಲಿಲ್ಲ ಅಂದ್ರ ಇವತ್ತು ಮರ್ಯಾದಿ ಹೋಗ್ತಿತ್ತು ಎಂದಳು. ಅವನಿಗೆ ಕಣ್ಣಲ್ಲಿ ನೀರು ಬಂತು. ನಾಚಿಕೆಗೋ ಸಂತೋಷಕ್ಕೋ ಅವನಿಗೇ ತಿಳಿಯಲಿಲ್ಲ, ಸಂತೋಷಕ್ಕೇ ಇರಬೇಕು.

ಊರ ಹೊರಗಿನ ದಿನ್ನೆ ಹತ್ತಿ ಆಚೆ ಇಳಿದರೆ ಹಳ್ಳಕ್ಕೊಂದು ಕಿರಿದಾದ ಸೇತುವೆ. ಎ.ಸಿ.ಯ ತಣ್ಣನೆ ಗಾಳಿ ಒದ್ದೆ ಅಂಗಿಯ ಮೇಲೆ ನೇರವಾಗಿ ಬೀಸುತ್ತಿತ್ತು. ಕಡಿಮೆ ಮಾಡಿ ಎನ್ನಲು ಸಂಕೋಚಪಟ್ಟುಕೊಂಡು ಕೂತಿದ್ದವನು, ಕಾರು ಸೇತುವೆಯ ಬಾಯಿಗೆ ಬಂದಾಗ ತಡೆಯಲಾರದೆ ಸೀನಿದ. ಇನ್ನೊಂದು ಸೀನಿಗಾಗಿ ಮೂಗು ತಿಕ್ಕಿದ, ಸೂರ್ಯನ ಕಡೆ ನೋಡಿದ. ಬರಲಿಲ್ಲ. ಭಾವ ಕಾರು ನಿಲ್ಲಿಸಿ ಇಂಜಿನ್ನು ಆಫ್ ಮಾಡಿದರು, ಸೇತುವೆಯ ಬಾಯಲ್ಲೇ. ಹೆಣ್ಣನ್ನು ನಿಶ್ಚಯ ಮಾಡಿ ಬರುವ ದಾರಿ, ಊರ ಗಡಿ ಇನ್ನೂ ದಾಟಿಲ್ಲ. ಅಕ್ಕ ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು. ಶಾಂಭವಿ ಫೋನಿನಲ್ಲಿ ಉಂಗುರದ ಫೋಟೋ ನೋಡುತ್ತಿದ್ದಳು. ಬಸವೇಶ ಪಕ್ಕದ ಕನ್ನಡಿಯಲ್ಲಿ ನೋಡಿದ. ದಿನ್ನೆಯ ನೆತ್ತಿಯ ಮೇಲೆ ಬಸ್ಸು ಕಾಣಿಸಿಕೊಂಡಿತು, ಹೂವಿನ ಹಾರ ಹಾಕಿಕೊಂಡು, ಇಳಿಯಲು ಶುರುಮಾಡಿತು.

‘ಭಾವ, ಗಾಡಿ ಸ್ವಲ್ಪ ಮುಂದ ತಗೋರಿ.’

‘ಯಾಕ? ನೀರು ಕುಡಿ ಮೊದಲ.’

ಯಾಕೆ ಎಂಬುದೊಂದನ್ನು ಹೇಳಿದರೆ ಸಾಕಿತ್ತು. ಕನ್ನಡಿಯಲ್ಲಿ ಬಸ್ಸು ದೊಡ್ಡದಾಗುತ್ತಿತ್ತು. ಭೀಮರಾಜನ ಕಾಲು ಈಗ ಪೆಡಲಿನ ಮೇಲಿದೆ, ಈಗ ಕೆಳಗೆ ಹೋಗಿದೆ, ನೀರು ತುಂಬಿದ ಟ್ಯಾಂಕು, ಅಂಟಿಕೊಂಡ ವಾಲ್ವು. ಹುಬ್ಬಳ್ಳಿಯ ಗೋಡೆಯ ಮೇಲೆ ತೋರಿಸಿದ ಚಿತ್ರವೆಲ್ಲ ಬಣ್ಣಬಣ್ಣದ ಬಾಣಗಳ ಸಮೇತ ಅವನ ಕಣ್ಣ ಮುಂದೆ ಬಂತು. ಬೆರಳು ಬೆಲ್ಟಿನ ಗುಂಡಿ ಒತ್ತಿತು. ಬಾಗಿಲು ತೆರೆದದ್ದು, ಕಾಲು ರಸ್ತೆಗೆ ಬಿದ್ದದ್ದು, ಹಳ್ಳದ ದಂಡೆ ಹತ್ತಿ ಹೊಲಕ್ಕೆ ಹಾರಿದ್ದು, ಜಾಲಿಯ ಮುಳ್ಳು ಪಂಚೆಯನ್ನು ಹಿಡಿದಾಗ ಹರಿದುಕೊಂಡೇ ಓಡಿದ್ದು, ಇವೆಲ್ಲ ಅವನ ಅರಿವಿಗೆ ಬಂದದ್ದು ಮೆಕ್ಕೆಜೋಳದ ಕೂಳೆಗಳ ನಡುವೆ ಮುಗ್ಗರಿಸಿ ಬಿದ್ದ ಮೇಲೆಯೇ. ಟೈರು ಉಜ್ಜಿದ ಸದ್ದು ಕೇಳಿತು. ಅವನು ಕಣ್ಣು ಮುಚ್ಚಿದ.

ಬೇರೇನೂ ಸದ್ದಾಗಲಿಲ್ಲ. ಕಣ್ಣು ತೆರೆದು ನೋಡಿದರೆ ಬಸ್ಸು ಕಾರಿಗೆ ಒಂದು ಮೊಳ ಬಿಟ್ಟು ಓರೆಯಾಗಿ ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಅಕ್ಕನ ಕೈಯಲ್ಲಿ ಬಾಟಲಿ ಹಾಗೇ ಇತ್ತು, ಅವಳು ತೆರೆದ ಬಾಗಿಲನ್ನು ನೋಡುತ್ತಿದ್ದಳು. ಶಾಂಭವಿ ಆಗಷ್ಟೇ ಫೋನಿನಿಂದ ತಲೆಯೆತ್ತಿದಳು. ಬಸ್ಸು ಬರುವುದನ್ನು ಕಾರಿನಲ್ಲಿದ್ದವರು ಕಂಡಿದ್ದರೋ ಇಲ್ಲವೋ, ಕಂಡಿದ್ದರೂ ಬಸ್ಸು ಬಂದರೆ ನಿಲ್ಲುತ್ತದೆ ಎಂದು ನಂಬಿ ಕೂತಿದ್ದರು. ಬಸ್ಸಿನೊಳಗಿದ್ದವರೂ ನಂಬಿ ಕೂತಿದ್ದರು. ನಿಲ್ಲುವುದಿಲ್ಲ ಎಂದು ಎದ್ದು ಓಡಿದವನು ಒಬ್ಬನೇ, ಅವನೀಗ ಹೊಲದ ನಡುವೆ ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದ. ಭಾವ ಇಳಿದು ಬಂದರು. ಬಸ್ಸನ್ನು ನೋಡಲಿಲ್ಲ, ರಸ್ತೆಯ ಮೇಲಿನ ಕರಿ ಗೆರೆಗಳನ್ನು ನೋಡಲಿಲ್ಲ, ಅವನನ್ನೇ ನೋಡುತ್ತ ನಿಂತರು. ಕಿಟಕಿಯ ಪರದೆಗಳು ಒಂದೊಂದಾಗಿ ಸರಿದವು. ಈ ಸಲ ಯಾರೂ ಬೇರೆ ಕಡೆ ತಿರುಗಲಿಲ್ಲ. ಭೀಮರಾಜ ನಿಧಾನವಾಗಿ ಇಳಿದು, ಹೆಗಲ ಮೇಲಿನ ಟವೆಲನ್ನು ನೆಲಕ್ಕೆ ಹಾಸಿ, ಬಸ್ಸಿನ ಕೆಳಗೆ ಬಗ್ಗಿದ.

ಭಾಗ್ಯ ಮೆಟ್ಟಿಲಲ್ಲಿ ನಿಂತಿದ್ದಳು. ಹಣೆಗೆ ಪೆಟ್ಟಾಗಿ ಸ್ವಲ್ಪ ಊದಿತ್ತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ತಿಳಿದುಕೊಳ್ಳುವ ಕುತೂಹಲವಷ್ಟೇ ಇತ್ತು.

‘ಏನ್ರಿ, ನೀವೊಬ್ರಾ ಯಾಕ ಓಡಿದ್ರಿ?’